ಮಾಳಿಗೆಯ ಮೇಲೆ ಹುಲ್ಲು ಬೆಳೆಸುವ ಊರು

ನಮ್ಮ ಸುರಪುರದ ಕಡೆ ಒಬ್ಬರ ಮೇಲೆ ಹೊಟ್ಟೆ ಉರಿದು ಬಂದರೆ, “ನಿನ್ನ ಮಾಳಗಿ ಮ್ಯಾಲ ಹುಲ್ಲು ಬೆಳೀಲಿ” ಎಂದು ಶಾಪ ಹಾಕುತ್ತಾರೆ. ಹುಲ್ಲು ಬೆಳೆಯಿತೆಂದರೆ ಆ ಮನೆಯಲ್ಲಿ ಮಾಳಿಗೆ ಹತ್ತಿ ಕೀಳುವ ಗಂಡಸಿಲ್ಲ, ಮಣ್ಣು ಹೊರುವ ಹೆಂಗಸಿಲ್ಲ, ಇನ್ನೆರಡು ಮಳೆಗಾಲ ಕಳೆದರೆ ಗೋಡೆಯೂ ಇಲ್ಲ ಎಂದು ಅರ್ಥ. ಆ ಬೈಗುಳವನ್ನೇ ಕಾಯ್ದೆ ಮಾಡಿಕೊಂಡಿರುವ ಒಂದು ಊರಿಗೆ ನಾನು ಹೋಗಿ ಬಂದೆ. ಜರ್ಮನಿ ದೇಶದ ಹ್ಯಾಂಬರ್ಗ್. ಅಲ್ಲಿ ಹೊಸ ಕಟ್ಟಡ ಕಟ್ಟುವವನಿಗೆ ನಗರದವರು, ಛಾವಣಿಯ ಮೇಲೆ ಹಸಿರು ಬೆಳೆಸಪ್ಪಾ ಎನ್ನುತ್ತಾರೆ. ಬೆಳೆಸಿದವನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಾರೆ.

ನಾನು ಮೌನಪ್ಪ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಮಾಳಿಗೆ ಹತ್ತಿದವನು, ಇನ್ನೂ ಇಳಿದಿಲ್ಲ. ಮಣ್ಣಿನ ಮಾಳಿಗೆ ಹಾಕುವುದು ನನ್ನ ಕೆಲಸ. ಸುರಪುರ, ಶಹಾಪುರ, ಶಿರವಾಳ, ಎಲ್ಲಿ ಹಳೆಯ ಮಾಳಿಗೆ ಮನೆ ಸೋರದೆ ನಿಂತಿದೆಯೋ ಅಲ್ಲಿ ಹೋಗಿ ಕೇಳಿ, ನನ್ನ ಹೆಸರು ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇರಬಹುದು. ಕೈಯಿಂದ ದುಡಿಯುವವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಸುರಪುರ, ಹೊರಡುವ ಮುಂಚೆ

ಮಾಳಿಗೆಯ ಹಕೀಕತ್ತು ಗೊತ್ತಿಲ್ಲದವರಿಗೆ ಎರಡು ಮಾತು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣು, ಅಂದರೆ ಉಪ್ಪಿನಂಶ ಇರುವ ಬೆಳ್ಳನೆಯ ಮಣ್ಣು. ಅದರೊಳಗೆ ನೀರು ಇಳಿಯದು, ಹುಲ್ಲು ಹುಟ್ಟದು. ಆದರೆ ಒಂದು ಮಳೆಗಾಲಕ್ಕೆ ಆ ಉಪ್ಪು ತೊಳೆದುಹೋಗುತ್ತದೆ, ಅಲ್ಲಲ್ಲಿ ಹುಲ್ಲು ತಲೆ ಎತ್ತುತ್ತದೆ. ಅದಕ್ಕೇ ಪ್ರತಿ ಬೇಸಿಗೆಯ ಕೊನೆಗೆ, ಮಿರುಗದ, ಅಂದರೆ ಮೃಗಶಿರದ, ಮಳೆ ಬರುವ ಮುಂಚೆ, ಹುಲ್ಲನ್ನು ಬೇರುಸಹಿತ ಕಿತ್ತು ಹೊಸ ಸವಳು ಹಾಕಿ ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡಬೇಕು. ಬೇರು ಉಳಿದರೆ ಕೆಟ್ಟಿತು. ಬೇರು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ.

ಊರವರ ಮಾಳಿಗೆಗಳನ್ನೆಲ್ಲ ಮುಗಿಸಿ ಕೊನೆಗೆ ನಮ್ಮದನ್ನು ಮಾಡುವುದು ಅಪ್ಪನ ಕಾಲದಿಂದ ಬಂದ ರೂಢಿ. ಈ ವರ್ಷ ಆ ಕೊನೆ ಬರುವುದರೊಳಗೆ ವೀಸಾ ಬಂತು. ಕಲಬುರಗಿಯ ಸುಮಾ ಮೇಡಂ, ಕಟ್ಟಡದ ವಿದ್ಯೆ ಓದಿದವರು, ಎರಡು ವರ್ಷದ ಹಿಂದೆ ನಮ್ಮ ಓಣಿಯ ಹಳೆಯ ಮನೆಗಳನ್ನು ಅಳೆಯಲು ಬಂದಿದ್ದರು. ದೇಶದೇಶದ ಛಾವಣಿ ಕೆಲಸಗಾರರನ್ನು ಹ್ಯಾಂಬರ್ಗ್‌ನಲ್ಲಿ ಕೂಡಿಸುತ್ತಿದ್ದಾರೆ, ಮಣ್ಣಿನ ಕೆಲಸ ತೋರಿಸಲು ನೀವು ಬರಲೇಬೇಕು ಎಂದು ಅವರೇ ಗಂಟು ಬಿದ್ದರು. ಹೋಗುವ ದಿನ ಗೊತ್ತಾದಾಗ ನಮ್ಮ ಸ್ವಂತ ಮಾಳಿಗೆಯ ಮೇಲೆ ಮೊಣಕಾಲುದ್ದ ಒಣಹುಲ್ಲು ಇತ್ತು.

“ಬಂದ ಮ್ಯಾಲ ಮಾಡ್ತೀನಿ. ಮೂರು ದಿನದ ಕೆಲಸ ಅದ,” ಎಂದೆ.

ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. “ನಿಮ್ಮ ಇಮಾನ ಇಳೀಲಿ ಅಂತ ಮಳಿ ಕಾಯ್ಕೋತ ಕುಂದ್ರತದೇನ್ರಿ? ಸಾಬಣ್ಣಗ ಹೇಳಿ ಹೋಗ್ರಿ.”

“ಅವನ ಹೆಸರು ತಗೀಬ್ಯಾಡ.”

“ಹೆಸರು ತಗದ್ರ ಮಾಳಗಿ ಬೀಳಂಗಿಲ್ಲ. ಹುಲ್ಲು ಬಿಟ್ರ ಬೀಳ್ತದ.”

ಸಾಬಣ್ಣ ಎಂದರೆ ನನ್ನ ಅಪ್ಪನ ಕೈಕೆಳಗೆ ನನ್ನ ಸಂಗಡವೇ ಕೆಲಸ ಕಲಿತವನು. ಎಷ್ಟೋ ವರ್ಷ ಮಾಳಿಗೆಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅವನು. ಏಳು ವರ್ಷದ ಹಿಂದೆ ಸಗರ ಎಂಬ ಊರಿನಲ್ಲಿ ಒಬ್ಬ ಮಾಸ್ತರರ ಮನೆಗೆ ಮಣ್ಣು ಹಾಕಿದ್ದೆವು. ಅದು ಸೋರಿತು. ಮಾಸ್ತರರು ಇಬ್ಬರನ್ನೂ ಕರೆಸಿ ಕೇಳಿದಾಗ ಎಲ್ಲರೆದುರು ನನ್ನ ಬಾಯಿಂದ ಬಂದ ಮಾತು: “ಇಂವಾ ಹುಲ್ಲು ಕೀಳೂ ಮುಂದ ಬೇರು ಬಿಡ್ತಾನ್ರಿ.” ಸಾಬಣ್ಣ ಕೊಡತಿಯನ್ನು ಕಟ್ಟೆಯ ಮೇಲಿಟ್ಟು ನಡೆದುಹೋದ. ಆ ಮಾತು ಮಾತ್ರ ಹೋಗಲಿಲ್ಲ. ಊರವರು ಅವನಿಗೆ ‘ಬೇರಿನ ಸಾಬಣ್ಣ’ ಎಂದೇ ಹೆಸರಿಟ್ಟರು. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಶರಣಮ್ಮ ಹಿಟ್ಟಿನ ಕೈ ಝಾಡಿಸಿಕೊಂಡು ಎದ್ದು ನಿಂತಳು. “ಒಂದ ಮಾತು ಕೇಳ್ರಿ. ನಮ್ಮ ಓಣಿಯಾಗ ಎಲ್ಲಾರೂ ಸ್ಲ್ಯಾಬು, ತಗಡು ಮಾಡಿಕೊಂಡ್ರು. ನಾ ಸುಮ್ಮಿದ್ದೆ. ಈ ಸಲ ತೊಗರಿ ಚೀಲದ ಮ್ಯಾಲ ಒಂದ ಹನಿ ಬಿತ್ತಂದ್ರ, ನೀವು ಬರೂದ್ರಾಗ ಮಾಳಗಿ ಇಳಿಸಿ ತಗಡು ಹಾಕಿಸಿರ್ತೀನಿ.”

ಶರಣಮ್ಮ ಚೇಷ್ಟೆ ಮಾಡುವ ಹೆಂಗಸಲ್ಲ. ಊರೂರ ಮಾಳಿಗೆ ಹಾಕುವವನ ಮನೆಗೇ ತಗಡು ಬಂದರೆ ನಾಳೆ ಯಾರ ಮನೆಯ ಮುಂದೆ ನಿಂತು ಮಣ್ಣಿನ ಮಾತಾಡಲಿ? ಹಾಗೆ ಉಡಿಯಲ್ಲಿ ಕೆಂಡ ಕಟ್ಟಿಕೊಂಡು ಊರು ಬಿಟ್ಟೆ.

ತಪಾಸಣೆಯ ಮೇಜು

ನಮ್ಮ ಮಣ್ಣು ಹೇಗಿರುತ್ತದೆ ಎಂದು ತೋರಿಸಲು ಹಾಲಿನ ಪುಡಿಯ ಹಳೆಯ ಡಬ್ಬಿಯಲ್ಲಿ ಸವಳು ತುಂಬಿಕೊಂಡಿದ್ದೆ. ಹ್ಯಾಂಬರ್ಗ್‌ನ ವಿಮಾನ ನಿಲ್ದಾಣದಲ್ಲಿ ಮೇಜಿನ ಹಿಂದಿದ್ದ ಹುಡುಗಿ ಮುಚ್ಚಳ ತೆಗೆದಳು. ಒಳಗೆ ಬಿಳಿ ಪುಡಿ. ಅವಳ ಮುಖ ಬಿಗಿಯಿತು. ಏನೋ ಕೇಳಿದಳು. ಜೊತೆಗೆ ಬಂದಿದ್ದ ಸುಮಾ ಮೇಡಂ ಇನ್ನೂ ಹಿಂದಿನ ಸಾಲಿನಲ್ಲಿದ್ದರು.

“ಮಣ್ರೀ ಇದು, ಮಣ್ಣು,” ಎಂದೆ. ತಿಳಿಯಲಿಲ್ಲ. ನಮ್ಮಲ್ಲಿ ಸವಳು ಒಳ್ಳೆಯದೋ ಅಲ್ಲವೋ ಎಂದು ನೋಡುವುದು ನಾಲಗೆಯಿಂದ. ಮಣ್ಣಿನ ಗುಂಡಿಯ ಹತ್ತಿರ ಕುಳಿತು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತೇವೆ, ಉಪ್ಪು ಹತ್ತಿದರೆ ಬುಟ್ಟಿ ತುಂಬುತ್ತೇವೆ. ಇದರಲ್ಲಿ ಮೋಸವಿಲ್ಲ ಎಂದು ತೋರಿಸಲು ಅದನ್ನೇ ಮಾಡಿದೆ. ಒಂದು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟು ಚಪ್ಪರಿಸಿದೆ.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಎಲ್ಲಿಂದಲೋ ಇಬ್ಬರು ಪೊಲೀಸರು ಬಂದರು.

“ಕಾಕಾ, ತಿನಬ್ಯಾಡ್ರಿ!” ಮೇಡಂ ಸಾಲು ಮುರಿದು ಓಡಿ ಬಂದರು.

ಅರ್ಧ ಗಂಟೆ ಮಾತಾಯಿತು. ಪೊಲೀಸರು ನಕ್ಕರು, ಆದರೆ ಡಬ್ಬಿ ಕೊಡಲಿಲ್ಲ. ಹೊರದೇಶದ ಮಣ್ಣು ಒಳಗೆ ಬಿಡುವ ಹಾಗಿಲ್ಲವಂತೆ.

“ಮಣ್ಣಾಗ ಹುಳಾ, ರೋಗ ಇರಬಹುದು ಅಂತಾರ ಕಾಕಾ.”

“ನಮ್ಮ ಮಣ್ಣಿಗೆ ರೋಗಾ? ನಲವತ್ತು ವರ್ಷ ನಾಲಗಿ ಮ್ಯಾಲ ಇಟಗೊಂಡೀನಿ. ನನ್ನ ನೋಡ್ರಿ ಅಂತ ಹೇಳ್ರಿ ಅವ್ರಿಗಿ.”

ಮೇಡಂ ಅದನ್ನು ಹೇಳಲಿಲ್ಲ. ನನ್ನ ಸವಳು ಒಂದು ದಪ್ಪ ಚೀಲದೊಳಗೆ ಹೋಯಿತು. ಬರಿಗೈಯಲ್ಲಿ ಹೊರಗೆ ಬಂದೆ.

ಹೊರಗೆ ಇನ್ನೊಂದು ಗಾಬರಿ. ಟ್ಯಾಕ್ಸಿಯವನು ನನ್ನನ್ನು ನೋಡಿ “ಮೊಯ್ನ್” ಎಂದ. ಇಳಿದ ಮನೆಯ ಬಾಗಿಲಲ್ಲಿ ಒಬ್ಬ ಮುದುಕ “ಮೊಯ್ನ್” ಎಂದ. ರೊಟ್ಟಿಯಂಗಡಿಯ ಹೆಂಗಸೂ “ಮೊಯ್ನ್”. ಊರಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಮೌನ್ಯಾ ಎಂದು. ಇವರಿಗೆಲ್ಲ ನನ್ನ ಹೆಸರು ಯಾರು ಹೇಳಿದರು ಎಂದು ಪ್ರತಿ ಸಲ ತಿರುಗಿ ನಿಂತೆ. ಅದು ಆ ಊರಿನ ನಮಸ್ಕಾರ ಎಂದು ಮೇಡಂ ಬಿಡಿಸಿ ಹೇಳಿದ ಮೇಲೂ ಕುತ್ತಿಗೆ ತಾನಾಗಿಯೇ ತಿರುಗುತ್ತಿತ್ತು. ಪರದೇಶದಲ್ಲಿ ದಿನಕ್ಕೆ ನೂರು ಸಲ ಹೆಸರು ಕರೆದಂತಾಗುವುದು, ತಿರುಗಿ ನೋಡಿದರೆ ಯಾರಿಗೂ ನನ್ನ ಹತ್ತಿರ ಕೆಲಸವಿಲ್ಲ. ಇದು ಮನಸ್ಸನ್ನು ಒಂದು ಕಡೆ ಕೂರಲು ಬಿಡಲಿಲ್ಲ.

ಶುಕ್ರವಾರ

ಆ ಊರಿನ ಮಳೆ ನಮ್ಮ ಮಳೆಯ ಹಾಗಲ್ಲ. ನಮ್ಮದು ಬರುವುದಾದರೆ ಜಗಳಕ್ಕೆ ಬಂದ ಹಾಗೆ ಬರುತ್ತದೆ, ಹೊಡೆದು ಹೋಗುತ್ತದೆ. ಅಲ್ಲಿನದು ಸಾಲ ಕೇಳಲು ಬಂದವನಂತೆ ಬಾಗಿಲಲ್ಲಿ ನಿಂತೇ ಇರುತ್ತದೆ. ಯಾರೂ ಓಡುವುದಿಲ್ಲ. ಕೂಸುಗಳನ್ನು ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ತಾಯಂದಿರು ಅದರಲ್ಲೇ ಹೋಗುತ್ತಾರೆ. ಸೈಕಲ್ಲಿಗೆ ಬೇರೆ ದಾರಿ ಇದೆ. ನಾನು ಅದರ ನಡುವೆ ನಿಂತು ಛಾವಣಿ ನೋಡುತ್ತಿದ್ದೆ, ಒಂದು ಗಂಟೆಯೊಳಗೆ ನಾಲ್ಕು ಸಲ ಸೈಕಲ್ಲಿನವರಿಂದ ಗಂಟೆ ಬಾರಿಸಿಕೊಂಡೆ.

ಮಳೆಗೂ ಅಲ್ಲಿ ತೆರಿಗೆ ಇದೆ ಎಂದು ಗೊತ್ತಾದದ್ದು ಅಂದೇ.

“ದೇವರು ಕೊಡೂ ಮಳಿಗಿ ಟ್ಯಾಕ್ಸ್ ಏನ್ರಿ ಮೇಡಂ?”

“ಮಳಿಗಲ್ಲ ಕಾಕಾ. ನಿಮ್ಮ ಸಿಮೆಂಟಿನ ಮ್ಯಾಲ ಬಿದ್ದ ನೀರು ಊರ ಗಟಾರಕ್ಕ ಹೋಗ್ತದಲ್ಲ, ಅದಕ್ಕ. ಮಳಿ ಜೋರಾದ್ರ ಗಟಾರ ತುಂಬಿ ಊರೊಳಗ ನುಗ್ತದ. ಛಾವಣಿ ಮ್ಯಾಲ ಹುಲ್ಲಿದ್ರ ಅದು ನೀರು ಕುಡೀತದ. ಅದಕ್ಕ ಟ್ಯಾಕ್ಸ್ ಕಮ್ಮಿ. ಬ್ಯಾಸಗಿಗೆ ಮನೀನೂ ತಂಪು.”

ನಮ್ಮ ಓಣಿಯಲ್ಲಿ ಸ್ಲ್ಯಾಬ್ ಹಾಕಿದವರ ನೀರು ಪಕ್ಕದವರ ಗೋಡೆಗೆ ಬೀಳುತ್ತದೆ. ಅದಕ್ಕೆ ತೆರಿಗೆ ಇಲ್ಲ, ಜಗಳ ಇದೆ. ಯಾವುದು ಸಸ್ತಾ ಎಂದು ಇನ್ನೂ ತೀರ್ಮಾನಿಸಲು ಆಗಿಲ್ಲ.

ಮಧ್ಯಾಹ್ನ ನಮ್ಮನ್ನು ಒಂದು ಎತ್ತರದ ಕಟ್ಟಡಕ್ಕೆ ಹತ್ತಿಸಿದರು. ಅಲ್ಲಿಂದ ಕೆಳಗೆ ನೋಡಿದೆ. ಕಣ್ಣು ಹೋದಷ್ಟು ದೂರ ಒಂದಾದ ಮೇಲೊಂದು ಛಾವಣಿಯ ಮೇಲೆ ಹುಲ್ಲು. ಬುದ್ಧಿಗೆ ಗೊತ್ತಿತ್ತು, ಬೆಳೆಸಿದ್ದು ಎಂದು. ಕಣ್ಣಿಗೆ ಗೊತ್ತಿರಲಿಲ್ಲ. ಕಣ್ಣು ಹಾಳು ಬಿದ್ದ ಊರನ್ನು ನೋಡುತ್ತಿತ್ತು. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ನನಗೆ ಕೀಳಲು ಕೈ ತುರಿಸುತ್ತಿತ್ತು.

ಆ ಛಾವಣಿಗಳನ್ನು ನೋಡಿಕೊಳ್ಳುವವಳು ಹೈಕೆ ಎಂಬ ಹೆಂಗಸು. ಅರವತ್ತರ ಹತ್ತಿರದವಳು, ಮೊಣಕಾಲಿಗೆ ರಬ್ಬರಿನ ಪಟ್ಟಿ, ಉಗುರಲ್ಲಿ ಮಣ್ಣು. ಉಗುರು ನೋಡಿದ ಕೂಡಲೇ ಇವಳು ನಮ್ಮ ಪೈಕಿ ಎಂದುಕೊಂಡೆ. ಒಂದು ಮೂಲೆಯಲ್ಲಿ ಪದರ ಬಿಡಿಸಿ ತೋರಿಸಿದಳು. ಕೆಳಗೆ ಬೇರು ತೂರದಂಥ ದಪ್ಪ ಹಾಳೆ, ಅದರ ಮೇಲೆ ಸಣ್ಣ ಕಲ್ಲು, ಗೇಣೂ ಇಲ್ಲದ ಮಣ್ಣು, ಮಣ್ಣಿನಲ್ಲಿ ನಮ್ಮ ಗೋಳಿ ಪಲ್ಯದಂತೆ ದಪ್ಪ ಎಲೆಯ ಗಿಡ, ನಡುನಡುವೆ ಹೂವು.

“ಕೀಳೂದ ಇಲ್ಲೇನು ಇದರಾಗ?” ಎಂದು ಕೇಳಿಸಿದೆ.

ವರ್ಷಕ್ಕೆ ಎರಡು ಸಲ ಹತ್ತಿ ಬೇಡದ್ದನ್ನು ಕೀಳುತ್ತೇನೆ ಎಂದಳು. ಅಬ್ಬಾ, ಇಲ್ಲಿಯೂ ಕೀಳುವವರಿದ್ದಾರೆ! ಆ ಒಂದು ಮಾತನ್ನು ಹಿಡಿದುಕೊಂಡು ಅಂದು ನಿದ್ದೆ ಮಾಡಿದೆ. ಮುಂದಿನ ಅನಾಹುತದ ಬೀಜವೂ ಅದೇ.

ಭಾನುವಾರ

ನನ್ನ ಪಾಳಿ ಮಂಗಳವಾರ ಇತ್ತು. ನಾವಿಳಿದ ಮನೆಯ ಹಿತ್ತಲಿನಲ್ಲಿ ಕಟ್ಟಿಗೆಯ ಚೌಕಟ್ಟು ಮಾಡಿ, ಅದರಲ್ಲಿ ಚಿಕ್ಕ ಮಾಳಿಗೆ ಹಾಕಿ ತೋರಿಸುವುದು. ಶನಿವಾರವೇ ಅವರ ಊರಿನ ಮಣ್ಣು ತಂದು ಸುರಿದಿದ್ದರು. ಭಾನುವಾರ ಬೆಳಗ್ಗೆ ಎದ್ದವನೇ ಕೊಡತಿ ಹಿಡಿದು ಬಡಿಯತೊಡಗಿದೆ. ಮೂರು ಪೆಟ್ಟು ಬಿದ್ದಿರಲಿಲ್ಲ, ಮೂರನೆಯ ಮಹಡಿಯ ಕಿಟಕಿ ತೆರೆಯಿತು. ಮೊದಲ ದಿನ “ಮೊಯ್ನ್” ಎಂದಿದ್ದ ಅದೇ ಮುದುಕ. ಈ ಸಲ ಅಂದದ್ದು ಮೊಯ್ನ್ ಅಲ್ಲ.

ಮೇಡಂ ಕೆಳಗೆ ಬಂದರು. “ಇವತ್ತ ಐತವಾರ ಕಾಕಾ. ಇಲ್ಲಿ ಐತವಾರ ಸಪ್ಪಳ ಮಾಡಂಗಿಲ್ಲ. ಖಾಲಿ ಬಾಟಲಿ ಸುದ್ದಾ ಡಬ್ಬಿಗಿ ಹಾಕಂಗಿಲ್ಲ, ಖಣ್ ಅಂತದಂತ.”

“ಹಂಗಾದ್ರ ದುಡಿಯೂ ಮಂದಿ ಏನ್ ಮಾಡ್ಬೇಕ್ರಿ?”

“ಸುಮ್ಮ ಕುಂದ್ರಬೇಕು.”

ಹೇಳಿ, ಗೆಳತಿಯನ್ನು ನೋಡಲು ಮೇಡಂ ಹೊರಟುಹೋದರು. ನಾನು ಕೋಣೆಯಲ್ಲಿ ಸುಮ್ಮನೆ ಕುಳಿತೆ. ಹೆಸರು ಮೌನಪ್ಪನಾದರೂ ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಎದ್ದೆ, ಕುಳಿತೆ, ಹಾಸಿಗೆ ಮಡಚಿದೆ, ಬಿಚ್ಚಿ ಮತ್ತೆ ಮಡಚಿದೆ. ಆಗ ಶರಣಮ್ಮನ ಫೋನು ಬಂತು.

“ಶಹಾಪುರದ ಕಡೆ ಮಲಗಿದ ಬುದ್ಧನ ಗುಡ್ಡದ ಮ್ಯಾಲ ಮಾಡ ಕರ್ರಗ ಕಟ್ಟ್ಯಾದ್ರಿ. ನಿನ್ನಿ ನಾಕು ಹನಿ ಬಿತ್ತು. ಹ್ವಾದ ವರ್ಷದ ಬಿರುಕೆಲ್ಲಾ ಬಾಯಿ ತಕ್ಕೊಂಡಾವ. ನಾನ ಹತ್ತಿ ಹುಲ್ಲು ಕೀಳ್ಲೇನು?”

“ನೀ ಹತ್ತಬ್ಯಾಡ. ಬಿರುಕಿದ್ದಲ್ಲಿ ಜಂತಿ ಜರದಿರ್ತದ.”

“ಹಂಗಾದ್ರ ಸಾಬಣ್ಣಗ ಹೇಳ್ರಿ.”

“ನೀನ ಹೇಳು.”

“ನಾ ಯಾಕ ಹೇಳ್ಲಿ? ಮಾತು ಅಂದಾವ್ರು ನೀವು, ನಾನಲ್ಲ.” ಫೋನು ಇಟ್ಟಳು.

ಕಿಟಕಿಗೆ ಬಂದು ನಿಂತೆ. ಕಿಟಕಿಯ ಕೆಳಗೆ ಒಂದೇ ಹೆಜ್ಜೆಯಲ್ಲಿ ಇಳಿಯಬಹುದಾದ ಛಾವಣಿ. ಸೈಕಲ್ಲು ನಿಲ್ಲಿಸುವ ಕೊಟ್ಟಿಗೆಯದು. ಅದರ ಮೇಲೆಯೂ ಹುಲ್ಲು. ಆದರೆ ಶುಕ್ರವಾರ ನೋಡಿದಂತೆ ಚೆಂದದ ಗಿಡ, ಹೂವು ಅಲ್ಲ. ಹಳದಿಗೆ ತಿರುಗಿದ, ಅಡ್ಡಾದಿಡ್ಡಿ ಮಲಗಿದ, ಥೇಟು ನಮ್ಮ ಮಾಳಿಗೆಯ ಮೇಲಿದ್ದಂಥದ್ದೇ ಹುಲ್ಲು. ಇದು ಬೆಳೆಸಿದ್ದಲ್ಲ, ಬೆಳೆದದ್ದು ಎಂದುಕೊಂಡೆ. ಪಾಪ, ಆ ಹೆಂಗಸಿಗೆ ಮೊಣಕಾಲು ನೋವು, ಇಲ್ಲಿಯವರೆಗೆ ಬರಲು ಆಗಿಲ್ಲ. ವರ್ಷಕ್ಕೆ ಎರಡು ಸಲ ಕೀಳುವುದಂತೂ ಇದ್ದೇ ಇದೆ. ಹುಲ್ಲು ಕೀಳಲು ಸಪ್ಪಳವೂ ಆಗುವುದಿಲ್ಲ.

ಕಿಟಕಿ ದಾಟಿ ಇಳಿದೆ.

ನಾಲ್ಕು ದಿನದಲ್ಲಿ ಮೊದಲ ಸಲ ಮನಸ್ಸು ಒಂದು ಕಡೆ ನಿಂತಿತು. ಬುಡಕ್ಕೆ ಎರಡು ಬೆರಳು ಹಾಕಿ, ಸ್ವಲ್ಪ ಅಲುಗಾಡಿಸಿ, ಎಳೆಯದೆ ಎತ್ತುವುದು ಅಪ್ಪ ಕಲಿಸಿದ ಪಟ್ಟು. ಬೇರು ಒಂದು ಎಳೆಯೂ ಹರಿಯದೆ ಮಣ್ಣಿನ ಸಮೇತ ಬರುತ್ತದೆ. ಊಟದ ನೆನಪಾಗಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಛಾವಣಿಯ ಅರ್ಧಕ್ಕಿಂತ ಹೆಚ್ಚು ಅಂಗೈಯಂತೆ ಸ್ವಚ್ಛ. ಕಿತ್ತದ್ದನ್ನು ಎಸೆಯಲು ಮನಸ್ಸಾಗದೆ ಎಮ್ಮೆಗೆ ಒಯ್ಯುವಂತೆ ಸಿವುಡು ಕಟ್ಟಿ ಕೊಟ್ಟಿಗೆಯ ನೆರಳಿನಲ್ಲಿ ಸಾಲಾಗಿ ನಿಲ್ಲಿಸಿದೆ. ಹನ್ನೊಂದು ಸಿವುಡು. ನಾಳೆ ಹೈಕೆ ನೋಡಿದರೆ ಸುರಪುರದವರ ಕೈ ಎಂಥದ್ದು ಎಂದು ತಿಳಿಯುತ್ತದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಸಂಜೆ ಅವರ ತೆಳು ಮಳೆ ಬಂದು ಸಿವುಡುಗಳನ್ನೆಲ್ಲ ತೋಯಿಸಿತು.

ಸೋಮವಾರ

ಹೈಕೆ ಬಂದಳು. ಮೇಲೆ ನೋಡಿದಳು. ಎರಡು ಕೈ ಸೊಂಟಕ್ಕೆ ಹೋದವು. ಮೇಡಂ ಕಡೆ ತಿರುಗಿ ಏನೋ ಹೇಳಿದಳು.

ಮೇಡಂ ಮುಖ ಬಿಳಿಚಿತು. ನನ್ನ ಕಿವಿಯ ಹತ್ತಿರ ಬಂದು, “ಕಾಕಾ, ಅದು ಬೇಕಂತಲೇ ಕಾಡು ಬಿಟ್ಟಿದ್ದಂತ. ಆ ಒಣಹುಲ್ಲಿನ ಬುಡಕ ಒಂದು ಜಾತಿ ಜೇನುಹುಳ ಮಣ್ಣಾಗ ಗೂಡು ಮಾಡ್ತಾವಂತ. ಮೂರು ವರ್ಷದಿಂದ ಲೆಕ್ಕ ಇಟ್ಟಾರಂತ. ನೀವು ಸುಮ್ಮಿರ್ರಿ, ಯಾರೋ ಏನೋ ಅಂತ ನಾ ಹೇಳ್ತೀನಿ,” ಎಂದರು.

ನಲವತ್ತು ವರ್ಷ ಮಾಳಿಗೆ ಉಳಿಸಿದವನು ಒಂದು ಮಾಳಿಗೆ ಕೆಡಿಸಿದೆ. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸಗರದ ಮಾಸ್ತರರ ಅಂಗಳ ಕಣ್ಣ ಮುಂದೆ ಬಂತು. ಅಲ್ಲಿಯೂ ಹೀಗೇ ಯಾರು ಎಂಬ ಪ್ರಶ್ನೆ ಇತ್ತು, ನಾನು ಬೇರೆಯವನ ಕಡೆ ಬೆರಳು ಮಾಡಿದ್ದೆ.

“ನಾನ ಕಿತ್ತೀನಿ ಅಂತ ಹೇಳ್ರಿ,” ಎಂದೆ. ಹೇಳುವುದೇನು ಬಂತು, ಎದೆಗೆ ಕೈ ಇಟ್ಟುಕೊಂಡದ್ದು ಅವಳಿಗೆ ತಿಳಿಯಿತು. ಕೊಟ್ಟಿಗೆಯ ನೆರಳಿಗೆ ಕರೆದೊಯ್ದು ಸಿವುಡು ತೋರಿಸಿದೆ.

ಅವಳು ಕುಕ್ಕರಗಾಲಲ್ಲಿ ಕುಳಿತು ಒಂದು ಸಿವುಡು ಬಿಚ್ಚಿದಳು. ಒಂದೊಂದೇ ಬುಡ ತಿರುಗಿಸಿ ಬೇರು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಗಂಟು ಸಡಿಲವಾಯಿತು.

“ಏನಂತಾಳ?”

“ಇಷ್ಟು ವರ್ಷದಾಗ ಒಂದೂ ಬೇರು ಹರೀದಂಗ ಕಿತ್ತಾವ್ರನ್ನ ನಾ ನೋಡಿಲ್ಲ ಅಂತಾಳ. ಬೇರೆಲ್ಲಾ ಹಸೀನೇ ಅದಾವ, ತಿರುಗಿ ಹಚ್ಚಬಹುದು ಅಂತ. ಆದ್ರ ಹಚ್ಚೂದು ನೀವ.”

ಇಡೀ ದಿನ ಇಬ್ಬರೂ ಛಾವಣಿಯ ಮೇಲೆ. ಕಿತ್ತ ಕೈಯಿಂದಲೇ ಹುಲ್ಲು ನೆಟ್ಟೆ. ಅಪ್ಪ ನೋಡಿದ್ದರೆ ಏಣಿ ತೆಗೆದುಬಿಡುತ್ತಿದ್ದ. ಹೈಕೆಯ ಹತ್ತಿರ ಛಾವಣಿಯದೇ ಒಂದು ಪುಸ್ತಕವಿತ್ತು. ಹತ್ತಿದವರು ಏನು ಮಾಡಿದರು ಎಂದು ಅದರಲ್ಲಿ ಬರೆಯಬೇಕಂತೆ. ನನ್ನ ತಪ್ಪನ್ನೂ ಬರೆದಳು, ನನ್ನ ಹೆಸರಿನ ಸಮೇತ. ಮೇಡಂ ಬೇಡವೆಂದು ಬೇಡಿಕೊಂಡರು. ಹೈಕೆ ಕೇಳಲಿಲ್ಲ. ಬರೆದದ್ದನ್ನು ಮೇಡಂ ಓದಿ ಹೇಳಿದರು: ಭಾನುವಾರ ಮೌನಪ್ಪ ಕಿತ್ತರು, ಸೋಮವಾರ ಮೌನಪ್ಪ ನೆಟ್ಟರು. ಅಷ್ಟೇ. ಬೈಗುಳವಿಲ್ಲ, ಬೇರಿನ ಮೌನಪ್ಪ ಎಂದಿಲ್ಲ.

ಚಹಾದ ಹೊತ್ತಿಗೆ ಅವಳಿಗೆ ಒಂದು ಮಾತು ಕೇಳಿದೆ. ನೀವು ಊರಿಗೆ ಹೋದಾಗ ಈ ಮಾಳಿಗೆಗಳನ್ನು ಯಾರು ನೋಡುತ್ತಾರೆ? ನದಿಯ ಆಚೆ ಇನ್ನೊಬ್ಬ ಛಾವಣಿಯವನಿದ್ದಾನೆ, ಅವನು ನೋಡುತ್ತಾನೆ ಎಂದಳು. ಒಳ್ಳೆಯ ಗೆಳೆಯನೇ ಎಂದೆ. ಹೈಕೆ ಜೋರಾಗಿ ನಕ್ಕಳು.

ಮೇಡಂ ನಗುತ್ತಲೇ ಹೇಳಿದರು: “ಅವನ ಮುಖಾ ಕಂಡ್ರ ನನಗಾಗಂಗಿಲ್ಲ ಅಂತಾಳ. ಆದ್ರ ಛಾವಣಿಗಿ ಅದೇನ್ ಗೊತ್ತು ಅಂತ ಕೇಳ್ತಾಳ.”

ನಾನು ಕಪ್ಪು ಕೆಳಗಿಟ್ಟೆ. ಸಗರದಲ್ಲಿ ಸೋರಿದ್ದು ನಾನು ಕಿತ್ತ ಬದಿಗೋ ಅವನು ಕಿತ್ತ ಬದಿಗೋ? ಮಾತು ಅನ್ನುವ ಮುಂಚೆ ನಾನು ಏಣಿ ಹಾಕಿ ಹತ್ತಿ ನೋಡಿರಲಿಲ್ಲ. ಅಂದ ಮೇಲೂ ಹತ್ತಲಿಲ್ಲ. ಏಳು ವರ್ಷ.

ಸಾಬಣ್ಣನ ನಂಬರು ನನ್ನ ಫೋನಿನಲ್ಲಿ ಇನ್ನೂ ಇತ್ತು. ಅಳಿಸಿರಲಿಲ್ಲ. ಅಲ್ಲೇ ನಿಂತು ಹಚ್ಚಿದೆ.

“ಹಲೋ, ಯಾರ್ರಿ?”

“ನಾನು ಮೌನ್ಯಾ.”

“ಎಲ್ಲಿಂದ ಮಾತಾಡಾಕತ್ತಿ?”

“ಮಾಳಗಿ ಮ್ಯಾಲಿಂದ.”

“ಯಾರ ಮಾಳಗಿ?”

“ಜರ್ಮನಿಯವ್ರದು. ಹುಲ್ಲು ಹಚ್ಚಾಕತ್ತೀನಿ.”

“ಕುಡದೀಯೇನು?”

“ಇಲ್ಲೋ. ಸಾಬಣ್ಣ, ನಮ್ಮ ಮಾಳಗಿ ಹಂಗ ಉಳದದ. ಮಳಿ ಬರಾಕತ್ತದ. ಜರಾ ನೋಡಾಕಾಗ್ತದೇನು?”

“ನಾ ಬೇರು ಬಿಡಾಂವ, ಊರಿಗೆಲ್ಲಾ ಗೊತ್ತದ. ನಿನಗ ಗೊತ್ತಿಲ್ಲೇನು?” ಎಂದ. ಫೋನು ಕಟ್ಟಾಯಿತು. ಅವನು ಇಟ್ಟನೋ, ತಾನಾಗಿಯೇ ಹೋಯಿತೋ ತಿಳಿಯಲಿಲ್ಲ. ಮತ್ತೆ ಹಚ್ಚುವ ಧೈರ್ಯ ಬರಲಿಲ್ಲ. ಶರಣಮ್ಮನಿಗೆ ಹಚ್ಚಿದರೆ ಅವಳೂ ಎತ್ತಲಿಲ್ಲ, ನಾನು ಊರು ಮುಟ್ಟುವವರೆಗೂ ಎತ್ತಲಿಲ್ಲ.

ಮಂಗಳವಾರ

ಮಾಳಿಗೆ ಹಾಕಿ ತೋರಿಸಿದೆ. ಅವರ ಮಣ್ಣನ್ನು ನಾಲಗೆಗಿಟ್ಟು ನೋಡಿ “ಸಪ್ಪಗದ” ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಮಹಡಿಯ ಮುದುಕ ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದ. ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಯಾರೋ ಕೇಳಿದರು. ವರ್ಷವರ್ಷ ಹತ್ತಿದರೆ ನೂರು ವರ್ಷ, ಹತ್ತದಿದ್ದರೆ ಎರಡು ಎಂದೆ. ಕೆಲವರು ನಕ್ಕರು. ಹೈಕೆ ನಗಲಿಲ್ಲ, ಹೌದೆಂದು ತಲೆಯಾಡಿಸಿದಳು.

ಹೊರಡುವಾಗ ನಾನೇ ಮೊದಲು “ಮೊಯ್ನ್” ಎಂದೆ. ಅದನ್ನು ಹೋಗುವಾಗಲೂ ಅನ್ನಬಹುದಂತೆ.

ಮತ್ತೆ ಸುರಪುರ

ಯಾದಗಿರಿಯಲ್ಲಿ ರೈಲು ಇಳಿದು ಬಸ್ಸು ಹತ್ತಿದೆ. ಶಹಾಪುರ ದಾಟುವಾಗ ರಸ್ತೆಯ ಬದಿಯ ತಗ್ಗುಗಳಲ್ಲಿ ಕೆಂಪು ನೀರು ನಿಂತಿತ್ತು. ಮಳೆ ಆಗಿದೆ. ನಮ್ಮ ಊರಿನಲ್ಲಿ ಎಷ್ಟಾಗಿದೆ? ಪಕ್ಕದಲ್ಲಿ ಕುಳಿತವನನ್ನು ಮೂರು ಸಲ ಕೇಳಿದೆ. ಮೂರನೆಯ ಸಲ ಅವನು ಎದ್ದು ಬೇರೆ ಸೀಟಿಗೆ ಹೋದ. ಓಣಿಯ ತಿರುವಿನಲ್ಲಿ ಕಣ್ಣು ಮೇಲೆತ್ತಲು ಹೆದರಿಕೆಯಾಯಿತು. ಎತ್ತಿದೆ. ತಗಡಿನ ಹೊಳಪು ಕಾಣಲಿಲ್ಲ.

ಚೀಲ ಕಟ್ಟೆಯ ಮೇಲಿಟ್ಟು ನೆಟ್ಟಗೆ ಏಣಿ ಹತ್ತಿದೆ. ಹುಲ್ಲಿಲ್ಲ. ಹೊಸ ಸವಳು ಬಿಸಿಲಿಗೆ ಬೆಳ್ಳಗೆ ಒಣಗಿ, ನೀರು ಹರಿಯುವ ಇಳಿಜಾರು ದಾರ ಹಿಡಿದ ಹಾಗಿತ್ತು. ಕೊಡತಿಯ ಪೆಟ್ಟು ಒಂದರ ಪಕ್ಕ ಒಂದು, ಅಪ್ಪ ಕಲಿಸಿದ ಹಾಗೇ. ಕೆಳಗಿಳಿದಾಗ ಶರಣಮ್ಮ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

“ಯಾವಾಗ ಬಂದಿದ್ದ?”

“ನೀವು ಫೋನ್ ಮಾಡಿದ ಮರುದಿನ ಹೊತ್ತು ಹೊಂಡೂಕಿಂತ ಮೊದಲ. ಮೂರು ದಿನ ಮಾಡ್ಯಾನ. ಮಣ್ಣು ನಾ ಹೊತ್ತೀನಿ. ಒಂದ ಮಾತಾಡಿಲ್ಲ. ಕೂಲಿ ಕೇಳಿದ್ರ, ಗುರುವಿನ ಮನಿ ಅದ ಅಂದು ಹ್ವಾದ.”

ಎರಡನೆಯ ದಿನ ಮಧ್ಯಾಹ್ನ ಮಳೆ ಬಂತು. ನಮ್ಮ ಮಳೆ, ಜಗಳಕ್ಕೆ ಬರುವಂಥದ್ದು. ನಾನು ತೊಗರಿ ಚೀಲಗಳ ನಡುವೆ ಕುಳಿತು ಜಂತಿಯನ್ನೇ ನೋಡಿದೆ. ಈ ಮೂಲೆ, ಆ ಮೂಲೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಎಲ್ಲಾದರೂ ಒಂದು ಹನಿ ಬೀಳಲಿ ಎಂದು ಒಳಗಿನ ಒಂದು ದುಷ್ಟ ಮನಸ್ಸು ಕಾಯುತ್ತಿತ್ತು.

“ಏನ್ ಹುಡಕಾಕತ್ತೀರಿ?” ಬಾಗಿಲಲ್ಲಿ ಶರಣಮ್ಮ.

“ಏನಿಲ್ಲ.”

“ಸೋರವಲ್ದು ಅಂತ ಹೊಟ್ಟಿ ಕಡ್ಯಾಕತ್ತದೇನು?”

ಒಂದು ಹನಿಯೂ ಬೀಳಲಿಲ್ಲ. ಮಳೆ ನಿಂತ ಮೇಲೆ ಹತ್ತಿ ನೋಡಿದೆ. ಆಗ ಕಂಡಿತು. ಬೆಳಕಿಂಡಿಯ ಪಕ್ಕ ಒಂದೇ ಒಂದು ಹುಲ್ಲಿನ ಬುಡ. ಅದರ ಸುತ್ತ ಮಣ್ಣು ಕೈಯಿಂದ ನುಣ್ಣಗೆ ಬಳಿದಿತ್ತು, ಹುಲ್ಲು ಮಾತ್ರ ತಲೆ ಎತ್ತಿಕೊಂಡು ನಿಂತಿತ್ತು. ಸಿಕ್ಕಿತು! ಎರಡು ಬೆರಳು ಹಾಕಿ ಎತ್ತಿದೆ, ತೂತಿಗೆ ಒಂದು ಮುಷ್ಟಿ ಸವಳು ಒತ್ತಿದೆ, ಏಣಿ ಇಳಿದೆ. ಹೈಕೆಯ ಛಾವಣಿಯ ಕೆಳಗೆ ದಪ್ಪ ಹಾಳೆ ಇದೆ, ಅಲ್ಲಿ ಹುಲ್ಲು ಇರಲಿ. ನಮ್ಮಲ್ಲಿ ಹುಲ್ಲಿಗೂ ತೊಗರಿ ಚೀಲಕ್ಕೂ ನಡುವೆ ಮಣ್ಣೊಂದೇ. ಆ ಬುಡ ಹಿಡಿದುಕೊಂಡೇ ಸಾಬಣ್ಣ ಇರುವ ರಂಗಂಪೇಟೆಗೆ ನಡೆದೆ.

ಸಾಬಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಬುಟ್ಟಿಯ ಅಂಚು ಹೆಣೆಯುತ್ತಿದ್ದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಏಳು ವರ್ಷದಲ್ಲಿ ಅದು ಯಾವಾಗ ಆಯಿತೋ ನಾನು ನೋಡಿರಲಿಲ್ಲ. ಹುಲ್ಲನ್ನು ಅವನ ಮುಖದ ಮುಂದೆ ಹಿಡಿದೆ.

“ಇದೊಂದು ಬಿಟ್ಟಿದ್ದಿ.”

ಅವನು ಅದನ್ನು ಇಸಿದುಕೊಂಡು ಬೇರು ತಿರುಗಿಸಿ ನೋಡಿದ.

“ಬಿಟ್ಟಿದ್ದಿಲ್ಲ. ಇಟ್ಟಿದ್ದೆ.”

“ಯಾಕ?”

“ಮಾಳಗಿ ಚಲೋ ಆಗ್ಯಾದ ಅಂತ ಹೇಳಾಕ ನೀ ಬರೂ ಪೈಕಿ ಅಲ್ಲ. ತಪ್ಪು ತೋರ್ಸೂದಿದ್ರ ಓಡಿ ಬರ್ತಿ.” ಬುಟ್ಟಿ ಪಕ್ಕಕ್ಕೆ ಸರಿಸಿ ಕಟ್ಟೆಯಲ್ಲಿ ಜಾಗ ಮಾಡಿದ. ಒಳಗೆ ಮುಖ ಮಾಡಿ ಕೂಗಿದ: “ಏ, ಎರಡು ಚಾ ಇಡು. ಬೇರು ಕೀಳಾಂವ ಬಂದಾನ.”

ಕುಳಿತೆ. ಚಹಾ ಬರುವವರೆಗೆ ಇಬ್ಬರೂ ಎದುರಿನ ತಗಡಿನಿಂದ ಇಳಿಯುವ ನೀರು ನೋಡಿದೆವು. ಕಪ್ಪು ಕೈಗೆ ಬಂದ ಮೇಲೆ ನಾನೇ ಬಾಯಿ ಬಿಟ್ಟೆ.

“ಸಾಬಣ್ಣ, ಸಗರದಾಗ ಸೋರಿದ್ದು ಯಾರ ಬದಿ ಅಂತ ನಾ ಹತ್ತಿ ನೋಡಿರಲಿಲ್ಲ.”

“ನಾ ನೋಡೀನಿ. ಮರುದಿನಾನ ಹೋಗಿ ಹತ್ತಿದ್ದೆ.”

“ಯಾರ ಬದಿ?”

ಅವನು ಆ ಹುಲ್ಲಿನ ಬುಡವನ್ನು ಇನ್ನೂ ಕೈಯಲ್ಲಿ ಹಿಡಿದಿದ್ದ. ಅದನ್ನು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲಿಟ್ಟ.

“ಚಾ ಆರಾಕತ್ತದ, ಕುಡಿ,” ಎಂದ.